ಕಾಲರೇಖೆಯೂ ಕವಿಚರಿತೆಯೂ

ಚರಿತ್ರೆಯನ್ನು ಬರೆದು ತಿಳಿಸುವಂತೆಯೇ ಗೆರೆಗಳಿಂದ ಬಿಡಿಸಿ ತೋರಿಸುವ ಕ್ರಮವೂ ಒಂದುಂಟು. ಅರಸರ ವಂಶಾವಳಿ, ಕವಿಗಳ ಕಾಲಾನುಕ್ರಮಣಿಕೆ ಮೊದಲಾದುವು ಕೋಷ್ಟಕಗಳ ರೂಪದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಕೋಷ್ಟಕವನ್ನು ನೋಡುವವನು ಅಂಕಿಗಳನ್ನು ಓದಿ, ಒಂದರಿಂದೊಂದನ್ನು ಕಳೆದು, ಕಾಲದ ಅಂತರವನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಬೇಕು. ಪಟದಲ್ಲಿಯಾದರೋ ಆ ಅಂತರವು ಕಣ್ಣಿಗೆ ಅಳತೆಯಾಗಿಯೇ ಕಾಣುತ್ತದೆ. ಈ ಸೌಲಭ್ಯದೊಡನೆ ಒಂದು ಅಪಾಯವೂ ಸೇರಿಕೊಂಡಿದೆ. ಬರೆವಣಿಗೆಯಲ್ಲಿ ‘ಸುಮಾರು’, ‘ಇರಬಹುದು’ ಎಂಬ ಮಾತುಗಳಿಂದ ಸಂದೇಹವನ್ನು ಸೂಚಿಸಬಹುದು. ಗೆರೆಗೆ ಅಂತಹ ಮಾತುಗಳಿಲ್ಲ. ತಿಳಿಯದ ವಿಷಯವನ್ನೂ ಅದು ತಿಳಿದುದರಷ್ಟೇ ಸ್ಪಷ್ಟವಾಗಿ ತೋರಿಸಿಬಿಡುತ್ತದೆ. ಆದುದರಿಂದ ಸಂದೇಹವನ್ನು ಗೆರೆಯಲ್ಲಿ ಸೂಚಿಸುವುದು ಹೇಗೆಂಬುದು ಈ ವಿಧಾನದ ಮುಖ್ಯ ಸಮಸ್ಯೆಯಾಗಿದೆ.

ಈ ಸಮಸ್ಯೆಯನ್ನು ಎದುರಿಸಿದವರಲ್ಲಿ ಜೋಸೆಫ್ ಪ್ರೀಸ್ಟ್ಲಿ ಗಣ್ಯನು. ಆಮ್ಲಜನಕದ ಶೋಧನೆಯಿಂದ ಪ್ರಸಿದ್ಧನಾದ ಈತನು ಅದಕ್ಕೆ ಮೊದಲು ಇಂಗ್ಲೆಂಡಿನ ವಾರಿಂಗ್ಟನ್ ವಿದ್ಯಾಲಯದಲ್ಲಿ ಭಾಷೆ, ಸಾಹಿತ್ಯಗಳ ಉಪಾಧ್ಯಾಯನಾಗಿದ್ದನು. ೧೭೬೫ರಲ್ಲಿ ಈತನು ಪ್ರಕಟಿಸಿದ ‘ಜೀವನಚರಿತ್ರೆಯ ಪಟ’ದಲ್ಲಿ ಕ್ರಿ. ಪೂ. ೧೨೦೦ರಿಂದ ಕ್ರಿ. ಶ. ೧೮೦೦ರವರೆಗಿನ ಮೂರು ಸಾವಿರ ವರ್ಷಗಳ ಅವಧಿಯಲ್ಲಿ ಸುಮಾರು ಎರಡು ಸಾವಿರ ಮಂದಿ ಪ್ರಸಿದ್ಧ ಪುರುಷರು ನಿರೂಪಿತರಾಗಿದ್ದಾರೆ. ಒಬ್ಬೊಬ್ಬನಿಗೆ ಒಂದೊಂದು ಅಡ್ಡಗೆರೆ; ಗೆರೆಯ ಉದ್ದವೇ ಆಯುಸ್ಸಿನ ಪ್ರಮಾಣ. ರಾಜನೀತಿಜ್ಞರು, ಕವಿಗಳು, ಚರಿತ್ರಕಾರರು ಮೊದಲಾದವರಿಗೆ ಬೇರೆ ಬೇರೆಯಾಗಿ ಆರು ಪಟ್ಟೆಗಳು. ಪ್ರತಿಯೊಂದು ಶತಮಾನಕ್ಕೂ ಸಮನಾದ ಸ್ಥಳವನ್ನು ಬಿಟ್ಟಿರುವುದರಿಂದ ಯಾರು ಯಾರಿಗೆ ಸಮಕಾಲೀನರು, ಯಾವ ಕಾಲದಲ್ಲಿ ವಿದ್ವಾಂಸರು ದಟ್ಟವಾಗಿದ್ದರು, ಯಾವ ಕಾಲ ಬರಿದಾಗಿತ್ತು ಎಂಬುದು ಒಂದೇ ನೋಟಕ್ಕೆ ಗೋಚರಿಸುತ್ತದೆ.

ಕಾಲವು ನಿಶ್ಚಿತವಾಗಿರುವೆಡೆ ಪ್ರೀಸ್ಟ್ಲಿ ತುಂಬುಗೆರೆಯನ್ನೂ, ಸಂದಿಗ್ಧವಾಗಿರುವೆಡೆ ಚುಕ್ಕೆಗಳನ್ನೂ ಬಳಸಿದನು. ಜನನ ಮರಣಗಳೆರಡೂ ತಿಳಿಯದೆ, ಇಂತಹ ವರ್ಷದಲ್ಲಿ ಪ್ರಸಿದ್ಧನಾಗಿದ್ದನೆಂದು ಮಾತ್ರ ತಿಳಿದಿದ್ದರೆ, ಒಂದು ಚಿಕ್ಕ ಗೆರೆಯನ್ನೆಳೆದು ಅದರ ಮೂರರಲ್ಲಿ ಎರಡು ಪಾಲನ್ನು ಆ ವರ್ಷಕ್ಕೆ ಹಿಂದೆಯೂ, ಒಂದು ಪಾಲನ್ನು ಮುಂದೆಯೂ ಇರಿಸಿ, ಹಿಂದೆ ಮೂರು, ಮುಂದೆ ಎರಡು ಚುಕ್ಕೆಗಳನ್ನು ಹಾಕಿದನು. ಸಾಮಾನ್ಯವಾಗಿ ಮನುಷ್ಯನಿಗೆ ಪ್ರಸಿದ್ಧಿ ಬರುವುದು ಹುಟ್ಟಿಗಿಂತ ಸಾವಿಗೆ ಸಮೀಪವಾದ ವಯಸ್ಸಿನಲ್ಲಿ ಎಂಬುದೇ ಇದಕ್ಕೆ ಕಾರಣ. ಇದೂ ಒಂದು ಊಹೆಯೇ. ಆದರೆ ಊಹೆಯ ನಿಯಮವನ್ನು ಆತನು ವಿವರಣಗ್ರಂಥದಲ್ಲಿ ಹೇಳಿರುವುದರಿಂದ ಓದುಗನು ಅದನ್ನು ಪರೀಕ್ಷಿಸುವುದಕ್ಕೆ ಅವಕಾಶವಿದೆ.

ಇನ್ನೊಂದು ನಿದರ್ಶನ ಫ್ರಾನ್ಸಿನದು. ಅಲ್ಲಿನ ಇಂಜಿನಿಯರು ಷಾರ್ಲ್ ಜೋಸೆಫ್ ಮಿನಾರ್ ೧೮೬೯ರಲ್ಲಿ, ನೆಪೋಲಿಯನ್ನನು ೧೮೧೨ರಲ್ಲಿ ರಷ್ಯದ ಮೇಲೆ ನಡೆಸಿದ ದಂಡಯಾತ್ರೆಯನ್ನು ಒಂದು ಪಟದಲ್ಲಿ ಚಿತ್ರಿಸಿದನು. ಹತ್ತು ಸಾವಿರ ಸೈನಿಕರಿಗೆ ಒಂದು ಮಿಲಿಮೀಟರಿನಂತೆ ಪಟ್ಟೆಯ ಅಗಲವೇ ಸೈನ್ಯದ ಸಂಖ್ಯೆಯನ್ನು ಸೂಚಿಸುತ್ತದೆ. ನೀಮನ್ ನದಿಯ ಬಳಿ ೪,೨೨,೦೦೦ ಇದ್ದ ದಂಡು ಮಾಸ್ಕೋ ನಗರವನ್ನು ಸೇರುವ ವೇಳೆಗೆ ೧,೦೦,೦೦೦ ಆಗುತ್ತದೆ. ಕಪ್ಪು ಪಟ್ಟೆಯಾಗಿ ಹಿಂದಿರುಗುವಾಗ ಕೊನೆಗೆ ಉಳಿಯುವುದು ೧೦,೦೦೦. ಕೆಳಗಡೆ ಹಿಂದಿರುಗುವ ಕಾಲದ ಚಳಿಯ ಮಟ್ಟವನ್ನು ರೆಯೋಮ್ಯೂರ್ ಮಾನದಲ್ಲಿ ಗುರುತಿಸಿದೆ. ಚಳಿಯೇ ಈ ಸೈನ್ಯವನ್ನು ನಾಶಮಾಡಿತೆಂಬುದು ಜನಜನಿತವಾದ ಮಾತು. ಪಟವನ್ನು ನೋಡಿದರೆ, ಉತ್ತರಕ್ಕೆ ಕವಲೊಡೆದ ೨೨,೦೦೦ ಮತ್ತು ೬೦,೦೦೦ ಸೈನಿಕರ ಎರಡು ತುಕಡಿಗಳನ್ನು ಕಳೆದರೂ, ಹೆಚ್ಚಿನ ನಷ್ಟವು ಚಳಿಗಾಲಕ್ಕೆ ಮುನ್ನ, ಹೋಗುವ ದಾರಿಯಲ್ಲಿಯೇ ಆಯಿತೆಂಬುದು ವ್ಯಕ್ತವಾಗುತ್ತದೆ.

ಆದರೆ ಈ ಪಟ್ಟೆಯೂ ಯಥಾರ್ಥದ ಪ್ರತಿಬಿಂಬವಲ್ಲ. ಬೇರೆ ದಾರಿಗಳಲ್ಲಿ ನಡೆದು ಓರ್ಷಾ, ವಿಟೆಬ್ಸ್ಕ್ ಪ್ರದೇಶದಲ್ಲಿ ಕೂಡಿಕೊಂಡ ಜೆರೋಮ್ ಮತ್ತು ದವೂ ಎಂಬುವರ ದಂಡುಗಳನ್ನು, ಅವು ಮೊದಲಿನಿಂದಲೂ ಮುಖ್ಯಸೈನ್ಯದೊಡನೆಯೇ ಇದ್ದಂತೆ ತೋರಿಸಿದೆ. ಮಿನಾರ್ ಇದನ್ನು ಬಚ್ಚಿಡದೆ ಪಟದ ಮೇಲೆಯೇ ಬರೆದಿದ್ದಾನೆ. ತಾನು ಆಧರಿಸಿದ ಗ್ರಂಥಕರ್ತರನ್ನೂ ಹೆಸರಿಸಿದ್ದಾನೆ. ಪಟದ ಪ್ರಾಮಾಣ್ಯಕ್ಕೆ ಅಂಕಿಗಳಷ್ಟೇ ಈ ಟಿಪ್ಪಣಿಯೂ ಆಧಾರ.

ಕನ್ನಡ ಸಾಹಿತ್ಯಚರಿತ್ರೆಗೆ ಈ ವಿಚಾರವು ನೇರವಾಗಿ ಸಂಬಂಧಿಸಿದುದು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು ೧೯೦೭, ೧೯೧೯, ೧೯೨೯ರಲ್ಲಿ ಪ್ರಕಟವಾದುವು. ಅದರಲ್ಲಿ ವರ್ಷದ ಹಿಂದೆ ಬರುವ ‘ಸು.’ ಎಂಬ ಅಕ್ಷರವು ಪ್ರೀಸ್ಟ್ಲಿಯ ಚುಕ್ಕೆಗಳ ಕೆಲಸವನ್ನೇ ಮಾಡುತ್ತದೆ. ಆದರೆ ಈ ಅಕ್ಷರವು ಪಾಠಶಾಲೆಯ ಪಟ್ಟಿಗಳಿಗೆ ಇಳಿಯುವಾಗ ಉದುರಿಹೋಗಿ, ಊಹೆಯು ಸಿದ್ಧಾಂತವಾಗಿ ನಿಂತುಬಿಡುವುದುಂಟು.

ಗೆರೆಗಳಲ್ಲಿ ತೋರಿಸುವುದಾದರೆ ಹೀಗಾಗುತ್ತದೆ. ಪಂಪನು ದುಂದುಭಿ ಸಂವತ್ಸರದಲ್ಲಿ, ಎಂದರೆ ೯೦೨ರಲ್ಲಿ, ಜನಿಸಿದವನು; ಆತನ ಎರಡು ಕಾವ್ಯಗಳ ಕಾಲ ೯೪೧. ಆದುದರಿಂದ ಈ ಮೂವತ್ತೊಂಬತ್ತು ವರ್ಷಗಳಿಗೆ ತುಂಬುಗೆರೆ, ಮುಂದೆ ಚುಕ್ಕೆಗಳು. ಜನ್ನನ ಯಶೋಧರಚರಿತೆಯ ಕಾಲ ೧೨೦೯, ಅನಂತನಾಥಪುರಾಣದ ಕಾಲ ೧೨೩೦. ಆತನಿಗೆ ನಡುವೆ ತುಂಬುಗೆರೆ, ಎರಡು ಕಡೆಯಲ್ಲಿಯೂ ಚುಕ್ಕೆಗಳು. ಕವಿರಾಜಮಾರ್ಗವನ್ನು ನೃಪತುಂಗನ ಆಳ್ವಿಕೆಯ ಅವಧಿಯಾದ ೮೧೪ರಿಂದ ೮೭೮ರೊಳಗೆ ಗ್ರಂಥವಾಗಿ ಗುರುತಿಸಬಹುದು. ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ವಾದವಿರುವುದರಿಂದ ಅದನ್ನು ಒಬ್ಬ ವ್ಯಕ್ತಿಯ ಗೆರೆಗೆ ಅಂಟಿಸುವುದು ಯುಕ್ತವಲ್ಲ. ಕಾಲದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿರುವ ಕುಮಾರವ್ಯಾಸನಿಗೆ ಚುಕ್ಕೆಗಳೇ ಗತಿ.

ಇಲ್ಲಿ ಪ್ರೀಸ್ಟ್ಲಿಯ ಊಹೆಯನ್ನು ಹಾಗೆಯೇ ಅಂಗೀಕರಿಸುವಂತಿಲ್ಲವೆಂಬುದೂ ಗಮನಾರ್ಹ. ಪಂಪನು ತನ್ನ ಕಾವ್ಯಗಳನ್ನು ರಚಿಸಿದುದು ಮೂವತ್ತೊಂಬತ್ತರ ವಯಸ್ಸಿನಲ್ಲಿ. ೯೪೯ರಲ್ಲಿ ಜನಿಸಿದ ರನ್ನನ ಅಜಿತಪುರಾಣವು ೯೯೩ರದು. ಕಾವ್ಯದ ವರ್ಷವೊಂದೇ ತಿಳಿದಿರುವ ಕವಿಗಳನ್ನು ಸಾವಿನ ಸಮೀಪಕ್ಕೆ ತಳ್ಳಿದರೆ ಗುರುಶಿಷ್ಯರ, ಸಮಕಾಲೀನರ ಸಂಬಂಧಗಳು ಸುಳ್ಳಾಗಿ ತೋರುವ ಸಂಭವವಿದೆ.

ತರಗತಿಯ ಗೋಡೆಯ ಮೇಲೆ ಇಂತಹ ಪಟವನ್ನು ತೂಗುಹಾಕುವ ಉಪಾಧ್ಯಾಯನು ವಿದ್ಯಾರ್ಥಿಗಳಿಗೆ ಗೆರೆಗಳನ್ನು ತೋರಿಸಿದರೆ ಸಾಲದು. ಚುಕ್ಕೆಗಳನ್ನೂ ತೋರಿಸಿ, ಅವು ಅಲ್ಲಿರುವುದಕ್ಕೆ ಕಾರಣವನ್ನು ಹೇಳಬೇಕು. ಹೊಸದೊಂದು ಶಾಸನವೋ ಓಲೆಯ ಪ್ರತಿಯೋ ದೊರೆತು ಒಂದು ಚುಕ್ಕೆ ಗೆರೆಯಾದಾಗ ಸಂಶೋಧನೆಯು ಎಷ್ಟು ಮುಂದುವರಿಯಿತೆಂಬುದು ಆ ಪಟದಲ್ಲಿಯೇ ವ್ಯಕ್ತವಾಗುತ್ತದೆ.