ವೇಪ್‌ಗೆ ಬೀಗ ಬಿತ್ತು, ರುಚಿಗೆ ಯಾವಾಗ?

ಟೆಕ್ ಪಾರ್ಕ್ ಎದುರಿನ ಟೀ ಅಂಗಡಿ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಯಾರಾದರೂ ಒಬ್ಬರು ಸಿಗರೇಟಿನ ಫಿಲ್ಟರನ್ನು ಎರಡು ಬೆರಳಲ್ಲಿ ಒತ್ತಿ 'ಟಕ್' ಅನ್ನಿಸುತ್ತಾರೆ. ಫಿಲ್ಟರ್ ಒಳಗಿನ ಪುಟ್ಟ ಗುಳಿಗೆ ಒಡೆದು ಹೊಗೆಗೆ ಪುದೀನಾದ ತಂಪು ಸೇರಿಕೊಳ್ಳುತ್ತೆ. 21 ವರ್ಷ ದಾಟಿದವರಿಗೆ ಇದರ ಪ್ಯಾಕ್ ಮಾರಿದರೆ ಕಾನೂನಿನ ತಕರಾರಿಲ್ಲ. ಅದೇ ಅಂಗಡಿಯವರು ಅದೇ ರುಚಿಯ ವೇಪ್ ಮಾರಿ ಸಿಕ್ಕಿಬಿದ್ದರೆ ಜೈಲಿಗೂ ಹೋಗಬಹುದು.

ರುಚಿ ಒಂದೇ, ನಿಕೋಟಿನ್ ಒಂದೇ. ಒಂದಕ್ಕೆ ಜೈಲು, ಇನ್ನೊಂದಕ್ಕೆ ಅಂಗಡಿಯಲ್ಲಿ ಜಾಗ.

ಹಾಗಂತ ನಮ್ಮಲ್ಲಿ ನಿಯಮಗಳಿಗೆ ಕೊರತೆ ಇಲ್ಲ. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಅದೇ ವರ್ಷದ ಕೊನೆಯಲ್ಲಿ ಕಾಯ್ದೆ ಮಾಡಿತು. ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹುಕ್ಕಾ ಮಾರಾಟ ನಿಲ್ಲಿಸಿತು. ಏಪ್ರಿಲ್‌ನಲ್ಲಿ ಹೈಕೋರ್ಟ್ ಕೂಡ ಆ ಆದೇಶವನ್ನು ಎತ್ತಿಹಿಡಿಯಿತು. 2025ರ ಮೇನಲ್ಲಿ ಜಾರಿಗೆ ಬಂದ ತಿದ್ದುಪಡಿ, ತಂಬಾಕು ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿತು. ಬಿಡಿ ಸಿಗರೇಟ್ ಮಾರೋ ಹಾಗೂ ಇಲ್ಲ. ಟೀ ಅಂಗಡಿಯಲ್ಲಿ ಅದು ಎಷ್ಟರ ಮಟ್ಟಿಗೆ ಪಾಲನೆ ಆಗ್ತಿದೆ ಅನ್ನೋದು ನಿಮಗೇ ಗೊತ್ತು.

ಈ ನಿಯಮಗಳೆಲ್ಲ ಹಿಡಿದಿರೋದು ವಸ್ತುವನ್ನು: ವೇಪ್, ಹುಕ್ಕಾ, ಬಿಡಿ ಸಿಗರೇಟ್. ರುಚಿಯನ್ನು ಯಾವುದೂ ಮುಟ್ಟಿಲ್ಲ.

ವಸ್ತುವನ್ನು ಮಾತ್ರ ಹಿಡಿದರೆ ಏನಾಗುತ್ತೆ ಅಂತ ಗುಟ್ಕಾ ವಿಷಯದಲ್ಲಿ ನೋಡಿದ್ದೇವೆ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಸ್ವಲ್ಪ ದಿನಕ್ಕೆ ಪಾನ್ ಮಸಾಲಾ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ನೇತಾಡತೊಡಗಿದವು. ಬೆರೆಸುವ ಕೆಲಸ ಕಾರ್ಖಾನೆಯಿಂದ ಗಿರಾಕಿಯ ಅಂಗೈಗೆ ಬಂತು, ಅಷ್ಟೇ.

ರುಚಿ ಅಷ್ಟು ಮುಖ್ಯವಾ? ಆ್ಯಪ್ ಮಾಡುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತೆ. ಹೊಸ ಬಳಕೆದಾರ ಮೊದಲ ಒಂದೆರಡು ನಿಮಿಷದಲ್ಲಿ ಎಲ್ಲಿ ತಡವರಿಸುತ್ತಾನೋ ಅಲ್ಲೇ ಬಿಟ್ಟುಹೋಗುತ್ತಾನೆ. ಆ ತಡೆಯನ್ನು ತೆಗೆಯೋಕೆ ಇಡೀ ತಂಡವೇ ಕೂತು ಕೆಲಸ ಮಾಡುತ್ತೆ. ತಂಬಾಕಿನಲ್ಲಿ ಆ ತಡೆ ಅಂದರೆ ಮೊದಲ ಕೆಮ್ಮು. ಗಂಟಲು ಉರಿಯುತ್ತೆ, ಕಣ್ಣಲ್ಲಿ ನೀರು ಬರುತ್ತೆ, ದೇಹ 'ಬೇಡ' ಅನ್ನುತ್ತೆ. ಪುದೀನಾದ ಮೆಂಥಾಲ್ ನಮ್ಮ ನರಗಳಲ್ಲಿ ತಂಪನ್ನು ಗುರುತಿಸುವ ಭಾಗವನ್ನು ಎಬ್ಬಿಸಿ ಆ ಉರಿಯನ್ನು ಮುಚ್ಚಿಹಾಕುತ್ತೆ. ಹೊಗೆಯಲ್ಲಿನ ವಿಷ ಹಾಗೇ ಇರುತ್ತೆ, ಅದನ್ನು ತಿಳಿಸುವ ಅಲಾರಂ ಮಾತ್ರ ಬಂದ್ ಆಗುತ್ತೆ. ಎಷ್ಟೋ ವೇಪ್‌ಗಳಲ್ಲಿ ನಿಕೋಟಿನ್‌ಗೆ ಆಮ್ಲ ಬೆರೆಸಿ ಲವಣ ಮಾಡುವುದೂ ಇದೇ ಕಾರಣಕ್ಕೆ: ಜಾಸ್ತಿ ನಿಕೋಟಿನ್ ಇದ್ದರೂ ಗಂಟಲಿಗೆ ಗೊತ್ತಾಗಬಾರದು. ಅದರ ಮೇಲೆ ಮಾವು, ಸ್ಟ್ರಾಬೆರಿ.

ವಸ್ತುವಿನ ಬದಲು ರುಚಿಯನ್ನೇ ಹಿಡಿದ ಊರೊಂದಿದೆ, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ. ಅಮೆರಿಕ 2009ರಲ್ಲಿ ರುಚಿ ಬೆರೆಸಿದ ಸಿಗರೇಟುಗಳನ್ನು ನಿಷೇಧಿಸಿದರೂ ಮೆಂಥಾಲ್ ಒಂದನ್ನು ಬಿಟ್ಟಿತ್ತು. 2017ರಲ್ಲಿ ಈ ನಗರ ಮೆಂಥಾಲನ್ನೂ ಸೇರಿಸಿ, ರುಚಿ ಇರುವ ಎಲ್ಲ ತಂಬಾಕು, ಎಲ್ಲ ವೇಪ್ ದ್ರವದ ಮಾರಾಟ ನಿಲ್ಲಿಸಲು ತೀರ್ಮಾನಿಸಿತು. ಸಿಗರೇಟ್ ಕಂಪನಿ ಆರ್.ಜೆ. ರೆನಾಲ್ಡ್ಸ್ ಕೋಟಿಗಟ್ಟಲೆ ಡಾಲರ್ ಸುರಿದು ವಿಷಯವನ್ನು ಜನಮತಕ್ಕೆ ಎಳೆಯಿತು. 2018ರ ಜೂನ್‌ನಲ್ಲಿ ಶೇ 68ರಷ್ಟು ಮತದಾರರು ನಿಷೇಧದ ಪರ ನಿಂತರು. ಮುಂದಿನ ವರ್ಷ, ಅದೇ ಊರಲ್ಲಿ ಮುಖ್ಯ ಕಚೇರಿ ಇದ್ದ ಜೂಲ್ ಕಂಪನಿಯ ಕಣ್ಣೆದುರೇ ನಗರವು ಇ-ಸಿಗರೇಟ್ ಮಾರಾಟಕ್ಕೂ ತಡೆ ಹಾಕಿತು. 2022ರ ನವೆಂಬರ್‌ನಲ್ಲಿ ಇಡೀ ಕ್ಯಾಲಿಫೋರ್ನಿಯಾ ರುಚಿ ನಿಷೇಧಕ್ಕೆ ಮತ ಹಾಕಿತು. ಒಂದು ಊರಿನ ನಿಯಮ ಐದು ವರ್ಷದಲ್ಲಿ ರಾಜ್ಯದ ಕಾನೂನಾಯ್ತು.

ಎಲ್ಲವೂ ಸಲೀಸಾಗಿ ಆಯ್ತು ಅಂತೇನಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿಷೇಧದ ನಂತರ ಹೈಸ್ಕೂಲ್ ಮಕ್ಕಳು ಸಿಗರೇಟ್ ಕಡೆ ವಾಲಿದರು ಅಂತ 2021ರಲ್ಲಿ ಒಂದು ಅಧ್ಯಯನ ಹೇಳಿತು. ಆ ಮಾಹಿತಿ ಸಂಗ್ರಹಿಸಿದಾಗ ನಿಯಮ ಪೂರ್ತಿ ಜಾರಿಯೇ ಆಗಿರಲಿಲ್ಲ ಅಂತ ಬೇರೆ ಸಂಶೋಧಕರು ಪ್ರಶ್ನೆ ಎತ್ತಿದರು. ವಾದ ಇನ್ನೂ ನಡೆದಿದೆ. ಆದರೆ ಅದರಿಂದ ಒಂದು ಪಾಠ ಕಲಿಯಬಹುದು: ವೇಪ್‌ಗೆ ಬಾಗಿಲು ಹಾಕುವಾಗ ಪಕ್ಕದ ಸಿಗರೇಟಿನ ಬಾಗಿಲನ್ನು ತೆರೆದಿಡಬಾರದು. ನಾವು ಮಾಡಿರೋದು ಅದನ್ನೇ.

ಯುರೋಪಿಯನ್ ಒಕ್ಕೂಟ 2020ರ ಮೇನಲ್ಲಿ ಮೆಂಥಾಲ್ ಸಿಗರೇಟನ್ನೂ, ಗುಳಿಗೆ ಇರುವ ಸಿಗರೇಟನ್ನೂ ನಿಲ್ಲಿಸಿತು. ನಮ್ಮಲ್ಲಿ ಕೋಟ್ಪಾ ಕಾಯ್ದೆಗೆ ಅಂಥದೊಂದು ಸಾಲು ಸೇರಿಸೋದು ಅಸಾಧ್ಯವೇನಲ್ಲ. ವಯಸ್ಸನ್ನು 21ಕ್ಕೆ ಏರಿಸಿದ ರಾಜ್ಯ ಇದನ್ನೂ ಮಾಡಬಹುದು.

"ಸೇದುವವರು ಹೇಗಿದ್ರೂ ಸೇದ್ತಾರೆ" ಅನ್ನೋ ಮಾತು ಟೀ ಅಂಗಡಿಯಲ್ಲಿ ಕೇಳ್ತಾನೇ ಇರುತ್ತೆ. ಹತ್ತು ವರ್ಷದಿಂದ ಸೇದುವವರಿಗೆ ಪುದೀನಾ ಇಲ್ಲದಿದ್ದರೂ ನಡೆಯುತ್ತೆ, ನಿಜ. ರುಚಿ ಬೇಕಾಗಿರೋದು ಹೊಸಬರಿಗೆ. ಕಾಲೇಜು ಮುಗಿಸಿ ಮೊನ್ನೆ ತಾನೇ ತಂಡಕ್ಕೆ ಸೇರಿದ ಇಪ್ಪತ್ತೆರಡರ ಹುಡುಗನಿಗೆ, ಬ್ರೇಕ್‌ನಲ್ಲಿ ಸೀನಿಯರ್‌ಗಳ ಜೊತೆ ನಿಲ್ಲಬೇಕು ಅನ್ನೋ ಒಂದೇ ಕಾರಣಕ್ಕೆ ಕೆಳಗೆ ಬರುವ ಹುಡುಗಿಗೆ. "ಇದು ಲೈಟ್, ಮಿಂಟ್ ಇದೆ, ಟ್ರೈ ಮಾಡು" ಅಂತ ಕೈಗಿಡುವವರು ಸಿಗರೇಟ್ ಕಂಪನಿಯವರಲ್ಲ, ನಾವೇ.

ಕಾನೂನು ಬರುವಾಗ ಬರಲಿ. ಆ ಒಂದು ವಾಕ್ಯವನ್ನು ಇವತ್ತೇ ನಿಲ್ಲಿಸಬಹುದು. ಬಿಡಬೇಕು ಅಂತ ಈಗಾಗಲೇ ಅನ್ನಿಸಿದ್ದರೆ, ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ. ನಂಬರ್ ಮರೆತರೆ ಕೈಯಲ್ಲಿರುವ ಪ್ಯಾಕ್ ಮೇಲೇ ಇದೆ.