ಕ್ಯಾಪ್ಟನ್ ನೆಮೊ ಟಿಪ್ಪುವಿನ ನೆಂಟನಾದ ಕಥೆ

ಕಡಲಾಳದಲ್ಲಿ ನಾಟಿಲಸ್ ನೌಕೆ ಓಡಿಸಿದ ಕ್ಯಾಪ್ಟನ್ ನೆಮೊ ಯಾರು ಗೊತ್ತೆ? ನಮ್ಮ ಟಿಪ್ಪು ಸುಲ್ತಾನನ ಸೋದರಳಿಯ! ‘ನಿಗೂಢ ದ್ವೀಪ’ ಕಾದಂಬರಿಯಲ್ಲಿ ಜೂಲ್ಸ್ ವರ್ನ್ ಹಾಗೆಂದೇ ಬರೆದಿದ್ದಾನೆ. ಬೆರಗು ಅಷ್ಟಕ್ಕೇ ಮುಗಿಯುವುದಿಲ್ಲ. ವರ್ನ್ ಮೊದಲು ಕಲ್ಪಿಸಿಕೊಂಡ ನೆಮೊ ಭಾರತದವನೇ ಅಲ್ಲ! ಅವನ ಕುಲಗೋತ್ರ ಬದಲಾದದ್ದು ಕಾಗದಗಳಲ್ಲಿ ನಡೆದ ಒಂದು ಜಗಳದಿಂದ.

ಜಗಳವಾಡಿದವರು ವರ್ನ್ ಮತ್ತು ಪ್ಯಾರಿಸ್ಸಿನ ಪ್ರಕಾಶಕ ಪಿಯೆರ್-ಜೂಲ್ಸ್ ಎಟ್ಸೆಲ್. 1863ರಲ್ಲಿ ವರ್ನನ ಮೊದಲ ಕಾದಂಬರಿ ‘ಬಲೂನಿನಲ್ಲಿ ಐದು ವಾರ’ವನ್ನು ಅಚ್ಚು ಹಾಕಿದವನು ಇವನೇ. 1886ರಲ್ಲಿ ಕಣ್ಣುಮುಚ್ಚುವವರೆಗೂ ಹಸ್ತಪ್ರತಿ ತಿದ್ದಿಸುತ್ತಲೇ ಇದ್ದ.

ವರ್ನನ ಮೊದಲ ನೆಮೊ ಪೋಲೆಂಡಿನ ಸಿರಿವಂತ; ರಷ್ಯನ್ನರ ಕೈಯಲ್ಲಿ ಮನೆಮಂದಿಯನ್ನು ಕಳೆದುಕೊಂಡವನು. ಎಟ್ಸೆಲ್ ಬೆಚ್ಚಿಬಿದ್ದ. ರಷ್ಯಾದಲ್ಲಿ ಪುಸ್ತಕ ಮಾರಾಟವಾಗಬೇಡವೆ? ನೆಮೊ ಗುಲಾಮರ ವ್ಯಾಪಾರಿಗಳ ಮೇಲೆ ಹಗೆ ತೀರಿಸಿಕೊಳ್ಳಲಿ ಎಂದು ಸಲಹೆ ಕೊಟ್ಟ. ವರ್ನ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹಾಗಾಗಿ 1869ರಲ್ಲಿ ಧಾರಾವಾಹಿಯಾಗಿ ಹೊರಬರತೊಡಗಿದ ನಾಟಿಲಸ್ ಕಥೆಯಲ್ಲಿ ನೆಮೊಗೆ ದೇಶವೇ ಇಲ್ಲ. ಅವನು ಮುಳುಗಿಸುವ ಯುದ್ಧನೌಕೆ ಯಾವ ದೇಶದ್ದೋ, ಅದೂ ತಿಳಿಯದು!

ಹಾಗೆಂದು ವರ್ನ್ ಪೂರ್ತಿ ಸೋತನೆ? ನೆಮೊನ ಕೋಣೆಯ ಗೋಡೆ ನೋಡಿ. ವಾಷಿಂಗ್ಟನ್, ಲಿಂಕನ್ ಚಿತ್ರಗಳ ಸಾಲಿನಲ್ಲೇ ರಷ್ಯಾ ವಿರುದ್ಧ ಕತ್ತಿ ಹಿಡಿದ ಪೋಲೆಂಡಿನ ವೀರ ಕೊಶ್ಚುಷ್ಕೊ ಇದ್ದಾನೆ!

ಮುಂದಿನ ತಿರುವು ಇನ್ನೂ ಸೊಗಸು. ದ್ವೀಪದಲ್ಲಿ ಸಿಕ್ಕಿಬಿದ್ದವರ ಬಗ್ಗೆ ವರ್ನ್ ಬರೆದ ‘ರಾಬಿನ್ಸನ್ ಮಾವ’ ಹಸ್ತಪ್ರತಿಯನ್ನು ಎಟ್ಸೆಲ್ ಮುಲಾಜಿಲ್ಲದೆ ವಾಪಸ್ ಕಳಿಸಿದ. ವರ್ನ್ ಅದನ್ನೇ ಹೊಸದಾಗಿ ಕಟ್ಟಿದಾಗ ‘ನಿಗೂಢ ದ್ವೀಪ’ ಹುಟ್ಟಿತು. 1874–75ರಲ್ಲಿ ಪ್ರಕಟವಾದ ಆ ಕಥೆಯ ಕೊನೆಗೆ ನೆಮೊ ಬಾಯಿ ಬಿಡುತ್ತಾನೆ: ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪುವಿನ ನೆಂಟ, 1857ರ ದಂಗೆಯಲ್ಲಿ ಬ್ರಿಟಿಷರೊಡನೆ ಕಾದಾಡಿ ಎಲ್ಲವನ್ನೂ ಕಳೆದುಕೊಂಡವನು. ರಷ್ಯಾದ ಮೇಲಿದ್ದ ಸಿಟ್ಟು ಬ್ರಿಟನ್ನಿನ ಮೇಲೆ ತಿರುಗಿತ್ತು!

ಇಬ್ಬರ ಪತ್ರಗಳನ್ನು ಜಿನೀವಾದ ಸ್ಲಾಟ್ಕಿನ್ ಪ್ರಕಾಶನ 1999ರಿಂದ ಸಂಪುಟಗಳಾಗಿ ಹೊರತಂದಿದೆ. ಪುಸ್ತಕದ ಮೇಲಿರುವುದು ವರ್ನನ ಹೆಸರೊಂದೇ. ಆದರೆ ಎಟ್ಸೆಲ್ ಅಡ್ಡಗಾಲು ಹಾಕದಿದ್ದರೆ ಶ್ರೀರಂಗಪಟ್ಟಣದ ಸುಲ್ತಾನನಿಗೆ ಈ ಅಳಿಯ ಸಿಗುತ್ತಿರಲಿಲ್ಲ.