ರಣಭೀತಿ ಮತ್ತು ಹಾಸ್ಯ: ಉತ್ತರಕುಮಾರನ ಪ್ರಸಂಗ

ಶಿವಮೊಗ್ಗ ನಗರದ ಗಾಂಧಿ ಬಜಾರಿಗೆ ಅನತಿದೂರದಲ್ಲಿರುವ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲುಗಳನ್ನು ಕಾಪಿಟ್ಟಿರುವರು. ವೀರಗಲ್ಲಿನ ಸಾಮಾನ್ಯ ವಿನ್ಯಾಸವು ವಿದ್ವಾಂಸರಿಗೆ ವಿದಿತವೇ ಆಗಿದೆ: ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದವನನ್ನು ಕೊಂಡೊಯ್ಯುವ ದೇವಾಂಗನೆಯರು, ಮೇಲೆ ದೇವತಾಸಾನ್ನಿಧ್ಯ. ಸಾಯಹೊರಟವನ ಅಂಜಿಕೆಗೆ ಆ ಕಲ್ಲಿನಲ್ಲಿ ಎಡೆಯಿಲ್ಲ. ಅದಕ್ಕೆ ಕನ್ನಡ ಕಾವ್ಯದಲ್ಲಿ ಬಾಯಿ ದೊರೆತುದು ಹಾಸ್ಯದ ಮೂಲಕ.

15ನೆಯ ಶತಮಾನದ ಕುಮಾರವ್ಯಾಸನು ವಿರಾಟಪರ್ವದಲ್ಲಿ ಉತ್ತರಕುಮಾರನನ್ನು ಚಿತ್ರಿಸಿರುವ ಬಗೆಯನ್ನು ನೋಡಬಹುದು. ಹೆಂಗಳೆಯರ ಮುಂದೆ ಕೌರವರನ್ನು ತೃಣೀಕರಿಸಿ ನುಡಿದ ಈ ರಾಜಪುತ್ರನು ಶತ್ರುಸೈನ್ಯವು ಕಣ್ಣಿಗೆ ಬಿದ್ದೊಡನೆ ರಥವನ್ನು ಹಿಂದಿರುಗಿಸೆಂದು ಬೃಹನ್ನಳೆಯನ್ನು ಅಂಗಲಾಚುತ್ತಾನೆ. ಕಡೆಗೆ ರಥದಿಂದ ಧುಮುಕಿ ಓಡುತ್ತಾನೆ. ದೇವಸ್ತ್ರೀಯರು ತನಗೆ ಬೇಡ, ಅರಮನೆಯ ನಾರಿಯರೇ ಸಾಕು ಎಂಬುದು ಅವನ ಮಾತಿನ ತಾತ್ಪರ್ಯ. ಕಲ್ಲಿನ ನಡುವಣ ಪಟ್ಟಿಕೆಯು ನೀಡುವ ಭರವಸೆಯನ್ನೇ ಅವನು ಹೀಗೆ ನಿರಾಕರಿಸುತ್ತಾನೆ. ಕೇಳುವವರು ನಗುತ್ತಾರೆ, ಆದರೆ ಬದುಕುವ ಆಸೆ ಸುಳ್ಳೆಂದು ಯಾರೂ ಹೇಳಲಾರರು.

ಇಲ್ಲಿ ಲಾಕ್ಷಣಿಕರಿಗೆ ಒಂದು ಶಂಕೆ ಉಂಟಾಗುತ್ತದೆ. ಸಾಹಿತ್ಯದರ್ಪಣದ ಮತದಂತೆ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳು. ಹಾಗಾದರೆ ಭಯದಿಂದ ಹಾಸ್ಯವು ಹೊಮ್ಮುವುದೆಂತು? ವಿರೋಧಿರಸಗಳಿಗೆ ಬೇರೆಬೇರೆ ಆಶ್ರಯಗಳನ್ನು ಕಲ್ಪಿಸಿದರೆ ದೋಷವಿಲ್ಲವೆಂದು ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ಸಮಾಧಾನವನ್ನು ತೋರಿಸಿರುವನು. ಇಲ್ಲಿ ಭಯವು ಉತ್ತರನದು, ನಗೆಯು ಸಹೃದಯನದು.

ನಿಜವಾದ ಸೈನಿಕನ ಹಾಸ್ಯವಾದರೋ ಇನ್ನೂ ಕಠಿನವಾದುದು. ಅಲ್ಲಿ ಅಂಜುವವನೂ ನಗುವವನೂ ಒಬ್ಬನೇ. ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಬೆಲ್ಜಿಯಮಿನ ಈಪ್ರ್ ನಗರದ ಅವಶೇಷಗಳ ನಡುವೆ ದೊರೆತ ಮುದ್ರಣಯಂತ್ರದಿಂದ ಬ್ರಿಟಿಷ್ ಸೈನಿಕರು 'ವೈಪರ್ಸ್ ಟೈಮ್ಸ್' ಎಂಬ ಪತ್ರಿಕೆಯನ್ನು ಹೊರಡಿಸಿದರು. ಗುಂಡಿನೇಟಿಗೆ ಸಿಕ್ಕಿ ಹಾಳಾದ ಭವನವೊಂದನ್ನು ಊರಿನಲ್ಲೇ ಹೆಚ್ಚು ಗಾಳಿಯಾಡುವ ವಿನೋದಶಾಲೆಯೆಂದು ಅದರಲ್ಲಿ ಜಾಹೀರು ಮಾಡಿದ್ದರು. ಶೋಕವನ್ನು ನೇರವಾಗಿ ನುಡಿದರೆ ಎದೆ ಕುಸಿಯುವ ಎಡೆಯಲ್ಲಿ ಅವರು ವಕ್ರೋಕ್ತಿಯನ್ನು ಆಶ್ರಯಿಸಿದರು.

'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯು ಈ ಪಾತ್ರವನ್ನು ಕೇವಲ ಹೇಡಿತನಕ್ಕೆ ಸೀಮಿತಗೊಳಿಸಿದೆ. ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ಓಡಿದವನನ್ನು ಅರ್ಜುನನು ಹಿಡಿದು ತಂದು ಧೈರ್ಯ ಹೇಳಿದ ಮೇಲೆ ಅದೇ ಉತ್ತರನು ಅದೇ ಸೈನ್ಯದ ಎದುರಿಗೆ ಅರ್ಜುನನ ರಥವನ್ನು ನಡೆಸುತ್ತಾನೆ. ಶಿವಮೊಗ್ಗದ ಸಮೀಪದ ಹೊಸಹಳ್ಳಿಯು ಗಮಕ ಕಲೆಗೆ ಹೆಸರಾದ ಗ್ರಾಮ. ಅಂತಹ ವಾಚನದಲ್ಲಾಗಲಿ ತರಗತಿಯ ಪಾಠದಲ್ಲಾಗಲಿ ಈ ಪ್ರಸಂಗವನ್ನು ಪಲಾಯನಕ್ಕೇ ನಿಲ್ಲಿಸದೆ ಸಾರಥ್ಯದವರೆಗೆ ನಡೆಸುವುದು ಯುಕ್ತ. ಆಗ ಮೊದಲಿನ ನಗೆಯೊಳಗೆ ಅಡಗಿದ್ದ ಮನುಷ್ಯನು ಕೇಳುವವರಿಗೆ ಗೋಚರಿಸುವನು.